ಆತಿಥ್ಯ ಮತ್ತು ನಿಸ್ತಂತು ಜಾಲ: ವರ್ಕಾಡಿಯ ಮನೆಯೊಂದನ್ನು ಮುಂದಿಟ್ಟುಕೊಂಡು ಒಂದು ಪಾಠ

ನಮ್ಮ ಗಡಿನಾಡಿನ ಮನೆಗಳಲ್ಲಿ ಬಂದವರಿಗೆ ಮೊದಲು ಕೊಡುವುದು ಬೆಲ್ಲ ಮತ್ತು ನೀರು. ‘ಆಸರಿಗೆ ಏನು ಬೇಕು?’ ಎಂಬ ಪ್ರಶ್ನೆ ಅದರ ಹಿಂದೆಯೇ ಬರುತ್ತದೆ. ಹೆಸರು, ಊರು, ಬಂದ ಕಾರಣ ಇವೆಲ್ಲ ಅನಂತರದ ಮಾತು. ಇಂದು ಚಾವಡಿಗೆ ಕಾಲಿಟ್ಟ ಅತಿಥಿ ಬೆಲ್ಲದ ಚೂರನ್ನು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಇನ್ನೊಂದನ್ನೂ ಕೇಳುತ್ತಾನೆ: ‘ವೈಫೈ ಪಾಸ್‌ವರ್ಡ್ ಏನು?’ ಕೇಳುವವನನ್ನು ಹಳಿಯಬೇಕಾಗಿಲ್ಲ. ದೂರದಲ್ಲಿರುವ ಮನೆಯವರಿಗೆ ತಲುಪಿದ ಸುದ್ದಿ ಹೇಳುವುದೂ ಮರುದಿನದ ರೈಲಿಗೆ ಟಿಕೆಟು ತೆಗೆಯುವುದೂ ಆ ದಾರಿಯಿಂದಲೇ ಆಗಬೇಕಾಗಿದೆ. ಹೀಗಾಗಿ ನಿಸ್ತಂತು ಜಾಲದ ಆಯ್ಕೆಯು ಇಂದು ಆತಿಥ್ಯದ ಒಂದು ಅಂಗವಾಗಿದೆ.

ಕನ್ನಡ ಐಚ್ಛಿಕ ವಿದ್ಯಾರ್ಥಿಗಳಿಗೆ ಈ ಪಾಠವೇಕೆ ಎಂಬ ಸಂಶಯ ಸಹಜ. ಉತ್ತರ ಎರಡು. ಒಂದು, ಊರಿನಲ್ಲಿ ಯಾರಾದರೂ ಹೋಮ್‌ಸ್ಟೇ ತೆರೆದಾಗ ಅರ್ಜಿ ಬರೆಯಲು, ಕರಾರು ಓದಿ ಹೇಳಲು, ಅತಿಥಿಗಳಿಗೆ ಸೂಚನಾಫಲಕ ಸಿದ್ಧಪಡಿಸಲು ಕರೆಯುವುದು ಓದಿದ ಮಕ್ಕಳನ್ನೇ. ಇನ್ನೊಂದು, ವಿಷಯವನ್ನು ಕನ್ನಡದಲ್ಲಿ ವಿವರಿಸಲಾಗದವನು ಅದನ್ನು ಪೂರ್ತಿಯಾಗಿ ತಿಳಿದಿದ್ದಾನೆಂದು ಹೇಳಲಾಗದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರರೂ 1918ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ಹೊರಡಿಸಿದಾಗಲೂ, ಶಿವರಾಮ ಕಾರಂತರು ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಬರೆದಾಗಲೂ ಅವರ ಮುಂದಿದ್ದ ಸವಾಲು ಇದೇ ಆಗಿತ್ತು.

1. ಪದದ ಹುಟ್ಟು

‘ನಿಸ್ತಂತು’ ಎಂಬುದನ್ನು ಬಿಡಿಸಿದರೆ ನಿಃ + ತಂತು. ವಿಸರ್ಗಸಂಧಿಯಿಂದ ಸಕಾರ ಬಂದಿದೆ. ತಂತು ಎಂದರೆ ಎಳೆ, ದಾರ. ಎಳೆಯಿಲ್ಲದ ಸಂಪರ್ಕ ನಿಸ್ತಂತು. ‘ತಂತಿರಹಿತ’ ಎಂಬ ಮಾತೂ ಬಳಕೆಯಲ್ಲಿದೆ. ಆದರೆ ‘ತಂತಿ’ ತದ್ಭವ, ‘ರಹಿತ’ ಸಂಸ್ಕೃತ. ಕೇಶಿರಾಜನ ‘ಶಬ್ದಮಣಿದರ್ಪಣ’ವನ್ನು ಓದಿದವರು ಅದನ್ನು ಅರಿಸಮಾಸವೆಂದು ಆಕ್ಷೇಪಿಸಿಯಾರು. ‘ಜಾಲ’ಕ್ಕೆ ಕನ್ನಡದ ಮಾತು ‘ಬಲೆ’. ಮಂಜೇಶ್ವರದ ಕಡಲತೀರದವರಿಗೆ ಬಲೆಯ ಗುಣವನ್ನು ಹೇಳಿಕೊಡಬೇಕಾಗಿಲ್ಲ. ಕಣ್ಣಿನ ಅಳತೆ ತಪ್ಪಿದರೆ ಮೀನು ಸಿಗದು, ಒಂದೆಡೆ ಹರಿದರೆ ಉಳಿದ ಬಲೆಯೂ ವ್ಯರ್ಥ.

ನಿಸ್ತಂತುವಿಗೂ ಕನ್ನಡಕ್ಕೂ ಇರುವ ನಂಟು ಹೊಸತಲ್ಲ. ಮೈಸೂರಿನಲ್ಲಿ 1935ರಲ್ಲಿ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರವನ್ನು ಆರಂಭಿಸಿದರು. ನಾ. ಕಸ್ತೂರಿಯವರು ಸೂಚಿಸಿದ ‘ಆಕಾಶವಾಣಿ’ ಎಂಬ ಹೆಸರು ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಒಂದು ಮನೆಯ ಪ್ರಯತ್ನಕ್ಕೆ ಒಪ್ಪುವ ಹೆಸರು ಸಿಕ್ಕಿದರೆ ಅದು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇದು ನಿದರ್ಶನ.

2. ಒಂದು ಮನೆಯನ್ನು ಊಹಿಸಿಕೊಳ್ಳೋಣ

ವರ್ಕಾಡಿ ಮಂಜೇಶ್ವರ ತಾಲೂಕಿನ ಒಳನಾಡು. ಒಂದು ಬದಿ ಕರ್ನಾಟಕದ ಗಡಿ. ಗುಡ್ಡದ ಮೇಲೆ ಮುರಕಲ್ಲಿನ ಪದರ, ಇಳಿಜಾರಿನಲ್ಲಿ ಮನೆ, ತಗ್ಗಿನಲ್ಲಿ ಅಡಿಕೆ ತೋಟ. ಇಲ್ಲಿ ಹಳೆಯ ಮನೆಯೊಂದನ್ನು ಅದರ ಒಡತಿ ಹೋಮ್‌ಸ್ಟೇ ಮಾಡಹೊರಟಿದ್ದಾರೆಂದು ಭಾವಿಸೋಣ. ಮುಖ್ಯ ಮನೆಯಲ್ಲಿ ಐದು ಕೋಣೆ. ತೋಟದಾಚೆ ಅರುವತ್ತು ಮೀಟರ್ ಕೆಳಗೆ ಮೂರು ಕೋಣೆಗಳ ಹೊಸ ಕಟ್ಟಡ. ಅಡಿಕೆಯ ಆದಾಯವನ್ನು ಮಾತ್ರ ನೆಚ್ಚಿ ಸಾಲ ತೀರಿಸಲಾಗದೆ ಕೈಹಾಕಿದ ಕೆಲಸವಿದು. ಆದ್ದರಿಂದ ಒಂದು ಸಲ ತಪ್ಪಾದ ಯಂತ್ರ ಕೊಂಡರೆ ಇನ್ನೊಂದು ಸಲ ಕೊಳ್ಳುವ ಶಕ್ತಿ ಈ ಮನೆಗಿಲ್ಲ. ಪಾಠದುದ್ದಕ್ಕೂ ಈ ಮಾತನ್ನು ಮರೆಯಬಾರದು.

ಮೊದಲು ಲೆಕ್ಕ. ಎಂಟು ಕೋಣೆ, ಕೋಣೆಗೆ ಇಬ್ಬರಂತೆ ಹದಿನಾರು ಮಂದಿ. ಒಬ್ಬೊಬ್ಬರಿಗೆ ಎರಡು ಉಪಕರಣವೆಂದರೆ 32. ಮನೆಯವರದು ಎಂಟು ಸೇರಿದರೆ 40. ರಾತ್ರಿ ಊಟದ ಬಳಿಕ ಹನ್ನೆರಡು ಮಂದಿ ಏಕಕಾಲಕ್ಕೆ ವೀಡಿಯೊ ನೋಡಿದರೆ, ಒಬ್ಬರಿಗೆ 5 ಎಂಬಿಪಿಎಸ್‌ನಂತೆ 60. ನಾಲ್ವರು ವೀಡಿಯೊ ಕರೆಯಲ್ಲಿದ್ದರೆ 2ರಂತೆ 8. ಒಟ್ಟು 68. ಸ್ವಲ್ಪ ಉಳಿಕೆಯಿರಲೆಂದು 100 ಎಂಬಿಪಿಎಸ್ ಸಂಪರ್ಕ ಸಾಕು. ಇದಕ್ಕಿಂತ ಮೂರು ಪಟ್ಟು ವೇಗದ ಯೋಜನೆಯನ್ನು ಮಾರಲು ಬಂದವರೊಡನೆ ಈ ಲೆಕ್ಕವನ್ನು ಮುಂದಿಟ್ಟು ಮಾತಾಡಬಹುದು. ಬಹುತೇಕ ಮನೆಗಳಲ್ಲಿ ದೂರು ಹುಟ್ಟುವುದು ಹೊರಗಿನಿಂದ ಬರುವ ವೇಗ ಸಾಲದೆ ಅಲ್ಲ, ಒಳಗೆ ಅದನ್ನು ಹಂಚುವ ಕ್ರಮ ತಪ್ಪಿ.

3. ಅಲೆಗಳ ಸ್ವಭಾವ

ವೈಫೈ ಎಂಬುದು ರೇಡಿಯೊ ಅಲೆಗಳ ವ್ಯವಹಾರ. ಅಮೆರಿಕದ ಐಇಇಇ ಸಂಸ್ಥೆ 1997ರಲ್ಲಿ ಪ್ರಕಟಿಸಿದ 802.11 ಎಂಬ ಮಾನದಂಡ ಅದರ ಮೂಲ. ಮನೆಗಳಲ್ಲಿ ಮುಖ್ಯವಾಗಿ ಎರಡು ಪಟ್ಟಿಗಳು ಬಳಕೆಯಲ್ಲಿವೆ: 2.4 ಗಿಗಾಹರ್ಟ್ಸ್ ಮತ್ತು 5 ಗಿಗಾಹರ್ಟ್ಸ್. ಭಾರತ ಸರ್ಕಾರ ಮೊದಲನೆಯದನ್ನು 2005ರಲ್ಲಿ ಪರವಾನಗಿಯಿಂದ ಮುಕ್ತಗೊಳಿಸಿತು. ಎರಡನೆಯದರ ವಿಶಾಲ ಭಾಗ 2018ರಲ್ಲಿ ಮುಕ್ತವಾಯಿತು. ಮೊದಲನೆಯದರ ತರಂಗಾಂತರ ಸುಮಾರು ಹನ್ನೆರಡೂವರೆ ಸೆಂಟಿಮೀಟರ್, ಎರಡನೆಯದರದು ಸುಮಾರು ಆರು. ಉದ್ದನೆಯ ಅಲೆ ಗೋಡೆಯನ್ನು ದಾಟಿ ದೂರ ಹೋಗುತ್ತದೆ. ಆದರೆ ಅದರ ಹಾದಿ ಇಕ್ಕಟ್ಟು: ಒಂದರ ಮೇಲೊಂದು ಬೀಳದ ಚಾನೆಲುಗಳು 1, 6, 11 ಎಂಬ ಮೂರೇ. ಗಿಡ್ಡ ಅಲೆಗೆ ಹಾದಿ ವಿಶಾಲ, ವೇಗ ಹೆಚ್ಚು, ಆದರೆ ಗೋಡೆ ಎದುರಾದರೆ ಬೇಗ ಸೋಲುತ್ತದೆ.

ನಮ್ಮ ಗೋಡೆಯಾದರೋ ಮುರಕಲ್ಲು. ಫ್ರಾನ್ಸಿಸ್ ಬುಕಾನನ್ ಮಲಬಾರಿನ ಅಂಗಾಡಿಪುರದ ಈ ಕಲ್ಲನ್ನು ಕಂಡು, 1807ರಲ್ಲಿ ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಪದದಿಂದ ‘ಲ್ಯಾಟರೈಟ್’ ಎಂದು ಹೆಸರಿಟ್ಟನು. ರಂಧ್ರಮಯವಾದ ಈ ಕಲ್ಲು ಮಳೆಗಾಲದಲ್ಲಿ ನೀರು ಹೀರುತ್ತದೆ. ನೀರು ಈ ಅಲೆಗಳನ್ನು ಚೆನ್ನಾಗಿ ನುಂಗುತ್ತದೆ. ಲೆಕ್ಕದ ಅನುಕೂಲಕ್ಕೆ ಒಂದು ದಪ್ಪ ಗೋಡೆ ಅಲೆಯ ಬಲವನ್ನು ಹತ್ತರಲ್ಲೊಂದಕ್ಕೆ ಇಳಿಸುತ್ತದೆಂದು ಹಿಡಿದರೆ, ಎರಡು ಗೋಡೆ ನೂರರಲ್ಲೊಂದು, ಮೂರು ಗೋಡೆ ಸಾವಿರದಲ್ಲೊಂದು. ಅಡಿಕೆ ತೋಟದ ಒದ್ದೆ ಸೋಗೆಗಳೂ ಹೀಗೆಯೇ ತಡೆಯೊಡ್ಡುತ್ತವೆ. ಚಪ್ಪರದ ತಗಡು, ನೀರಿನ ಟಾಂಕಿ, ದೊಡ್ಡ ನಿಲುವುಗನ್ನಡಿ, ಶೀತಕ ಪೆಟ್ಟಿಗೆ ಇವೂ ಅಡ್ಡಿಯೇ. ಆದ್ದರಿಂದ ಬೇಸಗೆಯಲ್ಲಿ ಪರೀಕ್ಷಿಸಿ ‘ಚೆನ್ನಾಗಿದೆ’ ಎಂದುಕೊಂಡ ಜಾಲ ಆಟಿ ತಿಂಗಳಲ್ಲಿ ಸೊರಗಬಹುದು. ಪರೀಕ್ಷೆಯನ್ನು ಮಳೆಗಾಲದಲ್ಲೂ ಮಾಡಬೇಕು.

4. ತಾಳಮದ್ದಳೆಯ ನಿಯಮ

ತಾಳಮದ್ದಳೆಯ ಕೂಟದಲ್ಲಿ ಅರ್ಥಧಾರಿಗಳು ಹಲವರಿದ್ದರೂ ಒಂದು ಹೊತ್ತಿಗೆ ಒಬ್ಬರದೇ ಮಾತು. ಇಬ್ಬರು ಒಟ್ಟಿಗೆ ಮಾತಾಡಿದರೆ ಸಭೆಗೆ ಎರಡೂ ಕೇಳಿಸದು. ವೈಫೈಯ ನಿಯಮವೂ ಇದೇ. ಪ್ರತಿಯೊಂದು ಫೋನೂ ಮೊದಲು ಆಲಿಸುತ್ತದೆ. ಹಾದಿ ಖಾಲಿಯಿದ್ದರೆ ಮಾತ್ರ ಮಾತಾಡುತ್ತದೆ. ಇಬ್ಬರ ಮಾತು ಡಿಕ್ಕಿಯಾದರೆ ಇಬ್ಬರೂ ಸ್ವಲ್ಪ ತಡೆದು ಮತ್ತೆ ಆರಂಭಿಸುತ್ತಾರೆ.

ಈ ಹೋಲಿಕೆಯಿಂದ ನಾಲ್ಕು ತತ್ತ್ವಗಳು ದೊರೆಯುತ್ತವೆ. ಮೊದಲನೆಯದು, ನಿಧಾನವಾಗಿ ಮಾತಾಡುವವನು ಎಲ್ಲರ ಸಮಯವನ್ನು ತಿನ್ನುತ್ತಾನೆ. ದೂರದ ಮೂಲೆಯಲ್ಲಿ ಕ್ಷೀಣ ಸಂಕೇತ ಹಿಡಿದಿರುವ ಒಂದೇ ಫೋನು ಹತ್ತಿರದಲ್ಲಿರುವವರ ವೇಗವನ್ನೂ ಕುಗ್ಗಿಸಬಲ್ಲುದು. ಎರಡನೆಯದು, ಮಾತು ಎರಡು ಕಡೆಯಿಂದ ನಡೆಯಬೇಕು. ಚೆಂಡೆಯ ಸದ್ದು ಗುಡ್ಡದಾಚೆಗೂ ಕೇಳಿಸೀತು, ಗುಡ್ಡದಾಚೆಯವನ ಪಿಸುಮಾತು ಚೆಂಡೆಯವನಿಗೆ ಕೇಳಿಸದು. ‘ಹೆಚ್ಚು ಶಕ್ತಿಯ ರೂಟರ್’ ಎಂಬ ಜಾಹೀರಾತು ಇದನ್ನು ಮರೆಮಾಚುತ್ತದೆ. ಫೋನಿನ ದನಿ ಸಣ್ಣದೇ ಆಗಿರುತ್ತದೆ. ಮೂರನೆಯದು, ಒಬ್ಬನ ಮಾತನ್ನು ಕೇಳಿ ಅದನ್ನೇ ಇನ್ನೊಬ್ಬ ಪುನಃ ಹೇಳಿದರೆ ಹೊತ್ತು ಇಮ್ಮಡಿಯಾಗುತ್ತದೆ. ಅಗ್ಗದ ರಿಪೀಟರ್ ಮಾಡುವುದು ಇದನ್ನೇ, ಆದ್ದರಿಂದ ವೇಗ ಹೆಚ್ಚುಕಡಿಮೆ ಅರ್ಧವಾಗುತ್ತದೆ. ನಾಲ್ಕನೆಯದು, ಸಣ್ಣ ಸಣ್ಣ ಮಾತುಗಳನ್ನು ಒಂದೇ ಸರದಿಯಲ್ಲಿ ಕಟ್ಟಿಕೊಡಲು ಬಂದರೆ ಹೊತ್ತು ಉಳಿಯುತ್ತದೆ. ವೈಫೈ 6 ಎಂದು ಕರೆಯಲಾಗುವ ತಲೆಮಾರಿನ ಮುಖ್ಯ ಸುಧಾರಣೆ ಇದುವೇ.

5. ಆಯ್ಕೆಗಳು

ನಮ್ಮ ಮನೆಯೊಡತಿಯ ಮುಂದೆ ನಾಲ್ಕು ದಾರಿಗಳಿವೆ.

ಒಂದು, ಚಾವಡಿಯಲ್ಲಿ ಒಂದೇ ದೊಡ್ಡ ರೂಟರ್. ಖರ್ಚು ಕಡಿಮೆ. ಆದರೆ ಮೂರು ಗೋಡೆಯಾಚೆಯ ಕೋಣೆಗೂ ತೋಟದಾಚೆಯ ಕಟ್ಟಡಕ್ಕೂ ಅದು ಮುಟ್ಟದು.

ಎರಡು, ರೂಟರಿನೊಡನೆ ರಿಪೀಟರ್‌ಗಳು. ಮೊಬೈಲಿನಲ್ಲಿ ಗೆರೆಗಳು ತುಂಬಿ ಕಾಣುತ್ತವೆ, ಕೆಲಸ ಮಾತ್ರ ಸಾಗದು. ಅತಿಥಿಗೆ ಇದರಷ್ಟು ಸಿಟ್ಟು ತರಿಸುವುದು ಬೇರೊಂದಿಲ್ಲ.

ಮೂರು, ಮೆಶ್ ಪದ್ಧತಿ. ಹಲವು ಘಟಕಗಳು ತಮ್ಮೊಳಗೆ ನಿಸ್ತಂತುವಾಗಿಯೇ ಮಾತಾಡಿಕೊಂಡು ಒಂದೇ ಹೆಸರಿನ ಜಾಲವನ್ನು ಹಬ್ಬಿಸುತ್ತವೆ. ತಮ್ಮೊಳಗಿನ ಮಾತಿಗೆ ಬೇರೆ ಪಟ್ಟಿಯನ್ನು ಮೀಸಲಿಟ್ಟ ಘಟಕಗಳಾದರೆ ರಿಪೀಟರಿನ ದೋಷ ಬಹುಮಟ್ಟಿಗೆ ತಪ್ಪುತ್ತದೆ. ಗೋಡೆ ಕೊರೆದು ಕೇಬಲ್ ಎಳೆಯಲಾಗದ ಹಳೆಯ ಮನೆಗಳಿಗೆ ಇದು ಒಪ್ಪುತ್ತದೆ. ಘಟಕಗಳ ನಡುವೆ ಒಂದಕ್ಕಿಂತ ಹೆಚ್ಚು ದಪ್ಪ ಗೋಡೆ ಬರಬಾರದು.

ನಾಲ್ಕು, ಕೇಬಲಿನಿಂದ ಜೋಡಿಸಿದ ಆಕ್ಸೆಸ್ ಪಾಯಿಂಟ್‌ಗಳು. ಪ್ರತಿಯೊಂದಕ್ಕೂ ದತ್ತಾಂಶವೂ ವಿದ್ಯುತ್ತೂ ಒಂದೇ ಕೇಬಲಿನಲ್ಲಿ ಬರುತ್ತವೆ. ಅಲೆಗಳಿಗೆ ಉಳಿಯುವುದು ಅತಿಥಿಯ ಕೈಯವರೆಗಿನ ಕೊನೆಯ ಕೆಲವು ಮೀಟರ್ ಮಾತ್ರ. ನಿಸ್ತಂತು ಜಾಲ ಚೆನ್ನಾಗಿರಬೇಕಾದರೆ ಅದರ ಬೆನ್ನಿಗೆ ತಂತಿಯಿರಬೇಕು ಎಂಬುದು ಈ ವಿದ್ಯೆಯ ವಿರೋಧಾಭಾಸ. ಅಲಂಕಾರಶಾಸ್ತ್ರ ಓದುವ ನಿಮಗೆ ಇದು ನೆನಪಿನಲ್ಲಿ ಉಳಿದೀತು.

ಈ ಮನೆಗೆ ನಮ್ಮ ತೀರ್ಮಾನ ಹೀಗೆ: ಮುಖ್ಯ ಮನೆಯ ಉಪ್ಪರಿಗೆಯ ಮರದ ಮುಚ್ಚಿಗೆಯ ಮೇಲಿನಿಂದ ಕೇಬಲ್ ಎಳೆದು ಎರಡು ಆಕ್ಸೆಸ್ ಪಾಯಿಂಟ್, ಕೆಳಗಿನ ಕಟ್ಟಡಕ್ಕೆ ಒಂದು. ಮೂರೂ ವೈಫೈ 6 ತಲೆಮಾರಿನವು. ಇನ್ನೂ ಹೊಸದಾದ ವೈಫೈ 7ರ ಪೂರ್ಣ ಲಾಭ ಬೇಕಾದರೆ ಅತಿಥಿಯ ಫೋನೂ ಆ ತಲೆಮಾರಿನದೇ ಆಗಿರಬೇಕು, ಆದ್ದರಿಂದ ಇಲ್ಲಿ ಅದಕ್ಕೆ ಹಣ ಸುರಿಯಬೇಕಾಗಿಲ್ಲ. ಎರಡು ಕಟ್ಟಡಗಳ ನಡುವೆ ಅರುವತ್ತು ಮೀಟರ್. ತಾಮ್ರದ ಈಥರ್ನೆಟ್ ಕೇಬಲಿನ ಮಿತಿ ನೂರು ಮೀಟರ್ ಆದುದರಿಂದ ಅಳತೆಯ ಮಟ್ಟಿಗೆ ತಾಮ್ರ ಸಾಕು. ಆದರೆ ಈ ಊರಿನ ಗುಡುಗು ಸಿಡಿಲನ್ನು ಬಲ್ಲವರು ಹಾಗೆ ಮಾಡಬಾರದು. ಮುಂಗಾರಿನ ಮುನ್ನ ಮತ್ತು ತುಲಾ ಮಾಸದ ಸಂಜೆಗಳಲ್ಲಿ ಬೀಳುವ ಸಿಡಿಲು ಹೊರಗೆ ಹಾದ ತಾಮ್ರದ ಮೂಲಕ ಎರಡೂ ಕಡೆಯ ಯಂತ್ರಗಳನ್ನು ಸುಡಬಲ್ಲುದು. ಗಾಜಿನ ಎಳೆಯ ಆಪ್ಟಿಕಲ್ ಫೈಬರ್ ವಿದ್ಯುತ್ತನ್ನು ಒಯ್ಯುವುದಿಲ್ಲ. ಲೋಹದ ಕವಚವಿಲ್ಲದ ಫೈಬರನ್ನು ಕೊಳವೆಯೊಳಗೆ ಹಾಯಿಸಿ ನೆಲದಡಿ ಹೂಳುವುದೇ ಲೇಸು. ಕರೆಂಟು ಹೋದಾಗಲೂ ಜಾಲ ನಿಲ್ಲದಂತೆ ರೂಟರಿಗೂ ಫೈಬರ್ ಮೋಡೆಮಿಗೂ ಎರಡೂ ಕಟ್ಟಡಗಳ ಆಕ್ಸೆಸ್ ಪಾಯಿಂಟ್‌ಗಳಿಗೂ ಯುಪಿಎಸ್ ಬೇಕು.

ಹೊರಗಿನಿಂದ ಮನೆಗೆ ಬರುವ ಸಂಪರ್ಕಕ್ಕೂ ಸಾಧ್ಯವಾದರೆ ಫೈಬರನ್ನೇ ಆರಿಸಬೇಕು. ಕೇರಳ ಸರ್ಕಾರದ ಕೆ-ಫೋನ್ ಜಾಲ 2023ರ ಜೂನ್ 5ರಂದು ಲೋಕಾರ್ಪಣೆಯಾಯಿತು. ವಿದ್ಯುತ್ ಮಂಡಳಿಯ ಕಂಬಗಳ ಮೇಲೆಯೇ ಅದರ ಕೇಬಲ್ ಹಾದಿದೆ. ಖಾಸಗಿ ಸಂಸ್ಥೆಗಳೂ ಇವೆ. ಆರಿಸುವ ಮುನ್ನ ಕೇಳಬೇಕಾದುದು, ತಂತಿ ಕಡಿದರೆ ಎಷ್ಟು ಹೊತ್ತಿಗೆ ಸರಿಪಡಿಸುತ್ತಾರೆ ಎಂಬುದನ್ನು. ಮೊಬೈಲ್ ಸಿಮ್ ಹಾಕುವ ರೂಟರನ್ನು ಆಪತ್ಕಾಲಕ್ಕೆ ಇಟ್ಟುಕೊಳ್ಳಬಹುದು.

6. ಸ್ಥಳ ಬದಲಾದರೆ ಆಯ್ಕೆಯೂ ಬದಲು

ಮೇಲಿನ ತೀರ್ಮಾನವನ್ನು ಎಲ್ಲೆಡೆ ನಕಲು ಮಾಡಬಾರದು. ಮಜೀರ್ಪಳ್ಳದಂಥ ಪೇಟೆಯ ಚಹಾ ಹೋಟೆಲಿಗೆ ಬರುವವರು ಕಾಲು ಗಂಟೆ ಕುಳಿತು ಹೋಗುವವರು. ಅಲ್ಲಿ ಒಂದೇ ಆಕ್ಸೆಸ್ ಪಾಯಿಂಟ್ ಸಾಕು. ಆದರೆ ಬಿಲ್ಲಿನ ಯಂತ್ರವೂ ಗಿರಾಕಿಗಳೂ ಒಂದೇ ಜಾಲದಲ್ಲಿರಕೂಡದು. 2.4 ಗಿಗಾಹರ್ಟ್ಸ್‌ನ ಅಲೆಗೆ ಮೈಕ್ರೊವೇವ್ ಒಲೆ ತೊಂದರೆ ಕೊಡುವುದರಿಂದ ಅಡುಗೆಕೋಣೆಯ ಪಕ್ಕದಲ್ಲಿ ಅದನ್ನು ಇಡಬಾರದು.

ಮದುವೆಯ ಸಭಾಭವನದ ಸಮಸ್ಯೆ ಬೇರೆಯೇ. ಅಲ್ಲಿ ಗೋಡೆಗಳಿಲ್ಲ, ದೂರವಿಲ್ಲ, ದಟ್ಟಣೆಯಿದೆ. ಮುನ್ನೂರು ಫೋನುಗಳಿದ್ದು ಒಂದು ರೇಡಿಯೊಗೆ ಐವತ್ತರಂತೆ ಹಂಚಿದರೆ ಆರು ರೇಡಿಯೊ ಬೇಕು. ಅವುಗಳ ಶಕ್ತಿಯನ್ನು ಹೆಚ್ಚಿಸದೆ ತಗ್ಗಿಸಬೇಕು, ಇಲ್ಲವಾದರೆ ಒಂದರ ಮಾತು ಇನ್ನೊಂದಕ್ಕೆ ಅಡ್ಡಬರುತ್ತದೆ. ಇನ್ನೂ ಒಂದು ಮುಖ್ಯ ವಿಚಾರವಿದೆ. ಕೊಲ್ಲಿ ರಾಷ್ಟ್ರದಲ್ಲೋ ಮುಂಬಯಿಯಲ್ಲೋ ಇರುವ ಅಣ್ಣ, ರಜೆ ಸಿಗದೆ, ತಂಗಿಯ ಧಾರೆಯನ್ನು ಫೋನಿನಲ್ಲೇ ನೋಡುತ್ತಿರುತ್ತಾನೆ. ಆ ನೇರಪ್ರಸಾರಕ್ಕೆ ಬೇಕಾದುದು ಇಳಿವೇಗವಲ್ಲ, ಏರುವೇಗ. ಅದನ್ನು ಸಭಿಕರ ವೈಫೈಯಲ್ಲಿ ಬಿಡದೆ ಬೇರೆ ಕೇಬಲಿನಲ್ಲಿ ಕಳುಹಿಸಬೇಕು. ಮುಹೂರ್ತದ ನಿಮಿಷದಲ್ಲಿ ಚಿತ್ರ ನಿಂತುಹೋದರೆ ಅದನ್ನು ಮರುದಿನ ತುಂಬಿಕೊಡಲಾಗದು.

7. ಭದ್ರತೆ, ಕಾನೂನು, ಮರ್ಯಾದೆ

ಅತಿಥಿಗಳ ಜಾಲ ಬೇರೆ, ಮನೆಯ ಲೆಕ್ಕಪತ್ರದ ಜಾಲ ಬೇರೆ. ಒಬ್ಬ ಅತಿಥಿಯ ಉಪಕರಣ ಇನ್ನೊಬ್ಬನದಕ್ಕೆ ಕಾಣಿಸದಂತೆ ಪ್ರತ್ಯೇಕಿಸಬೇಕು. ರೂಟರಿನೊಡನೆ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸಬೇಕು. 2018ರಲ್ಲಿ ಬಂದ ಡಬ್ಲ್ಯುಪಿಎ 3 ರಕ್ಷಣೆಯಿದ್ದರೆ ಉತ್ತಮ. ಹಳೆಯ ಫೋನುಗಳಿಗಾಗಿ ಡಬ್ಲ್ಯುಪಿಎ 2ನ್ನೂ ಜೊತೆಗಿಡಬಹುದು.

ಯಾರು ಯಾವಾಗ ಜಾಲ ಬಳಸಿದರೆಂಬ ದಾಖಲೆಯ ಪ್ರಶ್ನೆಯೂ ಇದೆ. ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ಸೇವಾಸಂಸ್ಥೆಗಳು ಇಂಥ ದಾಖಲೆಗಳನ್ನು 180 ದಿನ ಉಳಿಸಿಕೊಳ್ಳಬೇಕೆಂದು ಹೇಳಿದೆ. ಸಣ್ಣ ಅಂಗಡಿಗಳವರು ಪರವಾನಗಿಯಿಲ್ಲದೆ ಸಾರ್ವಜನಿಕ ವೈಫೈ ಒದಗಿಸಲು ನೆರವಾಗುವ ಪಿಎಂ-ವಾಣಿ ಯೋಜನೆಗೆ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟದ ಒಪ್ಪಿಗೆ ದೊರೆಯಿತು. ಇನ್ನೊಂದೆಡೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಅಗತ್ಯಕ್ಕಿಂತ ಹೆಚ್ಚು ಮಾಹಿತಿಯನ್ನು ಕೇಳಬಾರದೆಂಬ ತತ್ತ್ವವನ್ನು ಮುಂದಿಡುತ್ತದೆ. ಎರಡನ್ನೂ ಸಮತೂಗಿಸಬೇಕು.

ಇಲ್ಲಿ ನಮ್ಮ ಊರಿಗೇ ವಿಶಿಷ್ಟವಾದ ತೊಡಕೊಂದಿದೆ. ಹಲವು ಜಾಲಗಳು ಮೊಬೈಲಿಗೆ ಬರುವ ಒಟಿಪಿಯನ್ನು ಕೇಳುತ್ತವೆ. ಆದರೆ ತಗ್ಗಿನ ತೋಟದ ಮನೆಯಲ್ಲಿ ಮೊಬೈಲ್ ಸಂಕೇತವೇ ಸಿಗದಿದ್ದರೆ ಒಟಿಪಿ ಬರುವುದೆಲ್ಲಿಂದ? ವೈಫೈ ಬೇಕಾದುದೇ ಸಂಕೇತ ಇಲ್ಲದ್ದರಿಂದ, ವೈಫೈ ಸಿಗದಿರುವುದೂ ಸಂಕೇತ ಇಲ್ಲದ್ದರಿಂದ! ಇಂಥಲ್ಲಿ ಅತಿಥಿಯ ಹೆಸರನ್ನು ಪುಸ್ತಕದಲ್ಲಿ ಬರೆದುಕೊಳ್ಳುವಾಗಲೇ ಅವರಿಗೊಂದು ಬೇರೆ ಬೇರೆ ಸಂಖ್ಯೆಯ ಚೀಟಿ ಕೊಡುವ ಕ್ರಮವೇ ಯೋಗ್ಯ. ಒಮ್ಮೆ ಜಾಲಕ್ಕೆ ಸೇರಿದ ಮೇಲೆ, ಸಾಮಾನ್ಯ ಕರೆಗಳನ್ನೂ ವೈಫೈ ಮೂಲಕ ಮಾಡುವ ಸೌಲಭ್ಯವಿದೆ. ನಮ್ಮ ದೇಶದ ಮುಖ್ಯ ಕಂಪನಿಗಳು ಇದನ್ನು 2019ರ ಕೊನೆ ಮತ್ತು 2020ರ ಆರಂಭದಲ್ಲಿ ತೆರೆದವು. ರಾತ್ರಿ ಅತಿಥಿಗೆ ಎದೆನೋವು ಬಂದರೆ ಆಂಬುಲೆನ್ಸ್ ಕರೆಯಲು ಆ ಒಂದು ಆಕ್ಸೆಸ್ ಪಾಯಿಂಟೇ ದಾರಿಯಾಗಬಹುದು. ಯುಪಿಎಸ್ ಬೇಕೆಂದುದರ ನಿಜವಾದ ಕಾರಣ ಇದು.

8. ಸೂಚನೆಯ ಭಾಷೆ

ಕೊನೆಯದಾಗಿ ನಮ್ಮ ಕೆಲಸ, ಫಲಕದ ಬರವಣಿಗೆ. ಇಲ್ಲಿಗೆ ಬರುವವರು ಕನ್ನಡ, ಮಲಯಾಳ, ತುಳು, ಇಂಗ್ಲಿಷ್ ಮಾತಾಡುವವರು. ಒಂದು ಭಾಷೆಯಿಂದ ಇನ್ನೊಂದಕ್ಕೆ ಪದಕ್ಕೆ ಪದವಿಟ್ಟು ತಿರುಗಿಸಿದ ಫಲಕ ಯಾರಿಗೂ ನಾಟುವುದಿಲ್ಲ. ಕನ್ನಡದ ಮಾದರಿಯೊಂದು ಇಲ್ಲಿದೆ:

‘ಅತಿಥಿಗಳ ಗಮನಕ್ಕೆ. ಈ ಮನೆಯ ವೈಫೈ ತಮ್ಮ ಬಳಕೆಗೆ ಇದೆ. ಸಂಪರ್ಕದ ಚೀಟಿಯನ್ನು ಚಾವಡಿಯಲ್ಲಿ ಪಡೆದುಕೊಳ್ಳಿ. ಚೀಟಿಯ ಸಂಖ್ಯೆ ತಮಗೆ ಮಾತ್ರ. ಕಾನೂನಿನಂತೆ ಬಳಕೆಯ ಸಮಯ ದಾಖಲಾಗುತ್ತದೆ. ಸಂಕೇತ ಸಿಗದಿದ್ದರೆ ದಯವಿಟ್ಟು ತಿಳಿಸಿ, ನಾವು ನೋಡುತ್ತೇವೆ.’

ಇದರಲ್ಲಿ ‘ರೂಟರ್’ ಎಂಬ ಮಾತಿಲ್ಲ, ಅದು ಅತಿಥಿಗೆ ಬೇಕಾಗಿಲ್ಲ. ‘ವೈಫೈ’ ಇದೆ, ಅದು ಎಲ್ಲರಿಗೂ ಗೊತ್ತು. ದಾಖಲೆಯ ವಿಷಯವನ್ನು ಮುಚ್ಚಿಟ್ಟಿಲ್ಲ. ‘ನಾವು ನೋಡುತ್ತೇವೆ’ ಎಂಬಲ್ಲಿ ಹೊಣೆ ಹೊತ್ತವರು ಯಾರೆಂಬುದು ಸ್ಪಷ್ಟವಾಗಿದೆ. ಕರ್ಮಣಿ ಪ್ರಯೋಗದಲ್ಲಿ ‘ಸರಿಪಡಿಸಲಾಗುವುದು’ ಎಂದು ಬರೆದಿದ್ದರೆ ಆ ಹೊಣೆ ಯಾರದೂ ಆಗುತ್ತಿರಲಿಲ್ಲ. ವ್ಯಾಕರಣದ ಒಂದು ಪ್ರಯೋಗಭೇದ ಆತಿಥ್ಯದ ಗುಣವನ್ನೇ ಬದಲಿಸುವುದನ್ನು ಇಲ್ಲಿ ಗಮನಿಸಬೇಕು.

ಅಭ್ಯಾಸ

1. ನಿಮ್ಮ ಮನೆಯ ನಕ್ಷೆ ಬರೆದು, ರೂಟರಿನಿಂದ ಪ್ರತಿ ಕೋಣೆಗೆ ಎಷ್ಟು ಗೋಡೆ ಅಡ್ಡ ಬರುತ್ತದೆಂದು ಗುರುತಿಸಿ. ಎಲ್ಲಿ ಇಟ್ಟರೆ ಗೋಡೆಗಳು ಕಡಿಮೆಯಾಗುತ್ತವೆ?
2. ಹನ್ನೆರಡು ಕೋಣೆಗಳ ವಸತಿಗೃಹಕ್ಕೆ ಎರಡನೆಯ ಭಾಗದ ಕ್ರಮದಲ್ಲೇ ಲೆಕ್ಕ ಹಾಕಿ.
3. ನಿಸ್ತಂತು, ತಂತಿರಹಿತ, ವೈಫೈ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸುವಿರಿ? ಕಾರಣ ಕೊಡಿ.
4. ಸಭಾಭವನವೊಂದರ ಫಲಕವನ್ನು ಐದು ವಾಕ್ಯಗಳಲ್ಲಿ ಬರೆಯಿರಿ. ಕರ್ಮಣಿ ಪ್ರಯೋಗ ಬಳಸಬೇಡಿ. ಬರೆದುದನ್ನು ಮನೆಯ ಹಿರಿಯರೊಬ್ಬರಿಗೆ ಓದಿ ಹೇಳಿ, ಅವರಿಗೆ ಅರ್ಥವಾಗದ ಮಾತನ್ನು ತಿದ್ದಿ ತರಗತಿಗೆ ತನ್ನಿ.